ಕುಡಿತ, ಗಾಂಜಾ, ಮಾತ್ರೆ ಚಟ: ಯಾರಿಗೆ ಯಾವ ಚಿಕಿತ್ಸೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಆಪ್ತಸಮಾಲೋಚಕಿ. ಡಾಕ್ಟರ್ ಅಲ್ಲ. ಡಾಕ್ಟರ್ ನೋಡುವ ಮೊದಲು ಮತ್ತು ನೋಡಿದ ಮೇಲೆ ಮನೆಯವರು ಕೂತು ಮಾತಾಡುವುದು ನನ್ನ ಮೇಜಿನ ಮುಂದೆ. ವಾರ ವಾರವೂ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಜನ ಕೇಳುವ ಮಾತಿನಲ್ಲೇ ಬಿಟ್ಟಿದ್ದೇನೆ. ಮಾತ್ರೆಗಳ ಹೆಸರು ಬಂದಲ್ಲಿ ತಿಳಿದುಕೊಳ್ಳುವುದಕ್ಕೆ ಓದಿ. ಇದನ್ನು ನೋಡಿಕೊಂಡು ಮೆಡಿಕಲ್ ಶಾಪಿಗೆ ಮಾತ್ರ ಹೋಗಬೇಡಿ.

“ಒಳ್ಳೆ ಸೆಂಟರ್ ಒಂದು ಹೇಳಿ ಮೇಡಂ, ಸೇರಿಸಿಬಿಡ್ತೀವಿ”

ಹೆಚ್ಚಿನವರ ಮಾತು ಶುರುವಾಗುವುದೇ ಇಲ್ಲಿಂದ. ಸೆಂಟರಿನ ಹೆಸರು ಹೇಳುವ ಮೊದಲು ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಏನು ತಗೊಳ್ತಾರೆ? ದಿನಕ್ಕೆ ಎಷ್ಟು? ಕೊನೆಯ ಸಲ ತಗೊಂಡಿದ್ದು ಎಷ್ಟು ಗಂಟೆಗೆ? ಹಿಂದೆ ಯಾವಾಗಲಾದರೂ ಬಿಟ್ಟಾಗ ಏನಾಗಿತ್ತು?

ಗಂಟೆ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. “ಅದೆಲ್ಲಾ ಯಾಕೆ, ಬಿಡಿಸಿ ಸಾಕು” ಅನ್ನುತ್ತಾರೆ. ಆದರೆ ಎಲ್ಲ ನಿಂತಿರುವುದು ಅಲ್ಲೇ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಒಂದು ನೈಂಟಿ ಹಾಕದಿದ್ದರೆ ಕೈ ನಡುಗುವವರು ಒಬ್ಬರು. ಶನಿವಾರ ಸಂಜೆ ಮಾತ್ರ ಕುಡಿದು ಮನೆಯಲ್ಲಿ ರಂಪ ಮಾಡುವವರು ಇನ್ನೊಬ್ಬರು. ಬಿಟ್ಟು ಒಂದು ತಿಂಗಳಾಗಿ, ಮುಂದಿನ ವಾರದ ಜಾತ್ರೆ ನೆನೆಸಿಕೊಂಡು ಹೆದರುತ್ತಿರುವವರು ಮತ್ತೊಬ್ಬರು. ಮೊದಲನೆಯವರಿಗೆ ಇವತ್ತೇ ಬೆಡ್ ಬೇಕು. ಎರಡನೆಯವರಿಗೆ ವಾರಕ್ಕೊಮ್ಮೆ ಬಂದು ಕೂತು ಮಾತಾಡುವುದು ಸಾಕಾಗಬಹುದು. ಮೂರನೆಯವರಿಗೆ ಜಾತ್ರೆಯ ಮೂರು ದಿನ ಎಲ್ಲಿ, ಯಾರ ಜೊತೆ ಇರುವುದು ಅಂತ ಒಂದು ಲೆಕ್ಕಾಚಾರ ಬೇಕು. ಮೂವರನ್ನೂ ಒಂದೇ ಸೆಂಟರಿಗೆ ಮೂರು ತಿಂಗಳು ಹಾಕಿದರೆ ದುಡ್ಡು ಹೋಗುತ್ತದೆ, ಅಷ್ಟೇ.

ಅದಕ್ಕೇ ನಾನು ಪ್ರಶ್ನೆಯನ್ನು ಎರಡು ಮಾಡುತ್ತೇನೆ. ಮೊದಲ ವಾರಕ್ಕೆ ಏನು ಬೇಕು? ಆಮೇಲಿನ ಒಂದು ವರ್ಷಕ್ಕೆ ಏನು ಬೇಕು? ಮೊದಲನೆಯದು ಜೀವ ಉಳಿಸುವ ಪ್ರಶ್ನೆ, ಅದನ್ನು ಡಾಕ್ಟರ್ ತೀರ್ಮಾನಿಸುತ್ತಾರೆ. ಎರಡನೆಯದನ್ನು ನಾವು, ನೀವು, ಅವರು ಸೇರಿ ತೀರ್ಮಾನಿಸಬೇಕು. ತಿಂಗಳು ತಿಂಗಳು ಬದಲಾಯಿಸಲೂ ಬೇಕಾಗುತ್ತದೆ.

“ದಿನಾ ಕುಡೀತಾರೆ, ಆದ್ರೆ ಕೆಲ್ಸಕ್ಕೆ ಹೋಗ್ತಾರೆ. ಇದಕ್ಕೂ ಚಿಕಿತ್ಸೆ ಬೇಕಾ?”

ಇದಕ್ಕೆ ಒಂದು ಅಳತೆಗೋಲು ಇದೆ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ‘ಆಡಿಟ್’ ಅನ್ನುವ 10 ಪ್ರಶ್ನೆಗಳ ಪಟ್ಟಿ. ಒಟ್ಟು 40 ಅಂಕ. ಇಲ್ಲಿ ಜಾಸ್ತಿ ಅಂಕ ಬಂದರೆ ಜಾಸ್ತಿ ತೊಂದರೆ. 8ರಿಂದ 15 ಬಂದರೆ ಕುಡಿತ ಕಡಿಮೆ ಮಾಡುವ ಸಲಹೆ ಸಾಕು. 16ರಿಂದ 19 ಬಂದರೆ ಕೆಲವು ಸಲ ಕೂರಿಸಿ ಮಾತಾಡಿ, ಆಗಾಗ ಕರೆದು ನೋಡಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪೂರ್ತಿ ತಪಾಸಣೆ.

ಅಳತೆ ಹೇಳುವಾಗ ಜನ ಎಡವುತ್ತಾರೆ. “ಬರೀ ಬೀರ್” ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 10 ಗ್ರಾಂ ಆಲ್ಕೋಹಾಲ್ ಅಂದರೆ ಒಂದು ಯೂನಿಟ್. 180 ಎಂಎಲ್ ಕ್ವಾರ್ಟರಿನಲ್ಲಿ ಸುಮಾರು 6 ಯೂನಿಟ್ ಇರುತ್ತದೆ. 650 ಎಂಎಲ್‌ನ ಒಂದು ಸ್ಟ್ರಾಂಗ್ ಬೀರಿನಲ್ಲಿ ಸುಮಾರು 4. ಅಂದರೆ ಎರಡು ಸ್ಟ್ರಾಂಗ್ ಬೀರ್ ಒಂದು ಕ್ವಾರ್ಟರಿಗಿಂತ ಜಾಸ್ತಿಯೇ ಆಯಿತು. ಇನ್ನು ವಯಸ್ಸಾದವರು ಈಗಲೂ “ಎರಡು ಪ್ಯಾಕೆಟ್” ಅನ್ನುತ್ತಾರೆ. 2007ರ ಜುಲೈ 1ಕ್ಕೆ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಮಾತಿನಲ್ಲಿ ಪ್ಯಾಕೆಟ್ ಉಳಿದುಕೊಂಡಿತು. ಈಗ ಅವರು ಹೇಳುವ ಪ್ಯಾಕೆಟ್ ಎಷ್ಟು ಎಂಎಲ್ ಅಂತ ಮತ್ತೆ ಕೇಳಬೇಕಾಗುತ್ತದೆ.

“ಮನೇಲೇ ಒಂದೇ ಸಲಕ್ಕೆ ಬಿಡಿಸಬಹುದಾ? ಅಡ್ಮಿಟ್ ಆಗಲೇಬೇಕಾ?”

ಎಲ್ಲರೂ ಅಡ್ಮಿಟ್ ಆಗಬೇಕಿಲ್ಲ. ಆದರೆ ಯಾರಿಗೆ ಬೇಕೋ ಅವರಿಗೆ ಬೇಕೇ ಬೇಕು.

ವರ್ಷಗಟ್ಟಲೆ ದಿನವೂ ಕುಡಿದ ಮೈ ಹಠಾತ್ತನೆ ನಿಲ್ಲಿಸಿದರೆ ಹೀಗಾಗುತ್ತದೆ. ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ವಾಕರಿಕೆ. ಆರರಿಂದ 48 ಗಂಟೆಯ ಒಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಭ್ರಮೆ ಶುರುವಾಗುತ್ತದೆ. ದಿನ ಯಾವುದು, ಊರು ಯಾವುದು ತಿಳಿಯುವುದಿಲ್ಲ. ಜ್ವರ ಬರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಡಾಕ್ಟರ್‌ಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಒಬ್ಬರನ್ನು ನಾನು ಮರೆತಿಲ್ಲ. ಅಡಿಕೆ ಸುಲಿಯುವ ಕೆಲಸದವರು. ಮಗಳ ಮದುವೆ ಹತ್ತಿರ ಬಂತು ಅಂತ ಮನೆಯವರು ರೂಮಿನಲ್ಲಿ ಹಾಕಿ ಬಾಗಿಲು ಹಾಕಿದ್ದರು. ಮೂರನೇ ರಾತ್ರಿ ವಾರ್ಡಿಗೆ ಬಂದರು. ಮಂಚದ ಮೇಲೆ ಕೂತು ಎರಡೂ ಕೈಯಲ್ಲಿ ಇಲ್ಲದ ಅಡಿಕೆ ಸುಲಿಯುತ್ತಿದ್ದರು. ಸಿಪ್ಪೆ ಎಡಕ್ಕೆ, ಅಡಿಕೆ ಬಲಕ್ಕೆ. ಪಕ್ಕದ ಬೆಡ್ಡಿನವರಿಗೆ “ಬುಟ್ಟಿ ಸರಿಸಿ” ಅಂದರು. ನೋಡಿದ ಒಬ್ಬ ಹುಡುಗನಿಗೆ ನಗು ಬಂತು. ನರ್ಸಮ್ಮ ನಗಲಿಲ್ಲ, ಓಡಿ ಹೋಗಿ ಡಾಕ್ಟರನ್ನು ಕರೆದರು.

ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದವರು, ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾದವರು, ಲಿವರ್ ಕಾಯಿಲೆ ಅಥವಾ ಹೃದಯದ ಕಾಯಿಲೆ ಇರುವವರು, ಕುಡಿತದ ಜೊತೆ ನಿದ್ದೆ ಮಾತ್ರೆಯೂ ನುಂಗುವವರು, ವಯಸ್ಸಾದವರು, ಗರ್ಭಿಣಿಯರು, ಸಾಯುವ ಮಾತಾಡುವವರು: ಇವರು ಆಸ್ಪತ್ರೆಯಲ್ಲೇ ಬಿಡಬೇಕು. ಒಬ್ಬರೇ ರೂಮು ಮಾಡಿಕೊಂಡು ಇರುವವರೂ ಅಷ್ಟೇ.

ಇವು ಯಾವುದೂ ಇಲ್ಲ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆ, ದಿನವೂ ಓಪಿಡಿಗೆ ಬಂದು ತೋರಿಸಬಲ್ಲರು ಅಂದರೆ ಮನೆಯಲ್ಲೇ ಇದ್ದು ಬಿಡಬಹುದು. ಡಾಕ್ಟರ್ ಡಯಾಜೆಪಾಮ್ ಅಥವಾ ಲೊರಾಜೆಪಾಮ್ ತರಹದ ಮಾತ್ರೆ ಕೊಟ್ಟು ದಿನ ದಿನಕ್ಕೂ ಇಳಿಸುತ್ತಾರೆ. ಆ ಮಾತ್ರೆ ಮನೆಯವರ ಕೈಯಲ್ಲಿರಬೇಕು. ಅದೂ ಚಟ ಹಿಡಿಸುವ ಮಾತ್ರೆಯೇ. ವಾರ ಹತ್ತು ದಿನಕ್ಕೆ ನಿಲ್ಲಬೇಕಾದದ್ದನ್ನು ಹಳೆ ಚೀಟಿ ತೋರಿಸಿ ವರ್ಷವಿಡೀ ತಗೊಂಡವರನ್ನೂ ನೋಡಿದ್ದೇನೆ.

“ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸಿದ್ರೆ ಸರಿಹೋಗಲ್ವಾ?”

ಹೋಗಲ್ಲ. ಕೆಲವೊಮ್ಮೆ ಕೆಡುತ್ತದೆ. ಜಾಸ್ತಿ ಕುಡಿಯುವವರು ಊಟ ಬಿಟ್ಟಿರುತ್ತಾರೆ, ಮೈಯಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಗ್ಲೂಕೋಸ್ ಅರಗಿಸುವುದಕ್ಕೆ ಬಿ1 ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ನೆನಪು ಹೋಗುವುದು ಅದರ ಗುರುತು. ಅದಕ್ಕೇ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡುತ್ತಾರೆ. ಊರಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸುವ ಸಂದರ್ಭ ಬಂದರೆ “ಇವರು ದಿನಾ ಕುಡೀತಾರೆ” ಅಂತ ನಾಚಿಕೆ ಬಿಟ್ಟು ಹೇಳಿಬಿಡಿ.

“21 ದಿನ ಅಂತಾರೆ, 3 ತಿಂಗಳು ಅಂತಾರೆ. ಎಷ್ಟು ದಿನ ಇಡಬೇಕು?”

ಮೈಯಿಂದ ವಿಷ ಇಳಿಸುವುದು ಒಂದು ವಾರ, ಹತ್ತು ದಿನದ ಕೆಲಸ. ಅದಕ್ಕೆ ಡಿಟಾಕ್ಸ್ ಅನ್ನುತ್ತಾರೆ. ಜನ ಅದನ್ನೇ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಡಿಸ್ಚಾರ್ಜ್ ದಿನ ಮುಖ ತೊಳೆದ ಹಾಗೆ ಕಾಣುತ್ತದೆ, ಮನೆಯವರು ಮಾತ್ರೆ ಚೀಟಿಯನ್ನು ಫೈಲಿಗೆ ಹಾಕಿ ಮರೆಯುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗ.

ಆಮೇಲೆ ಒಳಗೇ ಇರಬೇಕಾ, ಮನೆಯಿಂದ ಬಂದು ಹೋದರೆ ಸಾಕಾ ಅನ್ನುವುದಕ್ಕೆ ಅಮೆರಿಕದ ವ್ಯಸನ ಚಿಕಿತ್ಸಾ ವೈದ್ಯರ ಸಂಘ 1991ರಲ್ಲಿ ಒಂದು ಚೌಕಟ್ಟು ಮಾಡಿತು. ಬಿಟ್ಟಾಗ ಆಗುವ ತೊಂದರೆ ಎಷ್ಟು, ಮೈಯ ಕಾಯಿಲೆ ಏನಿದೆ, ಮನಸ್ಸಿನ ಕಾಯಿಲೆ ಏನಿದೆ, ಬಿಡುವ ಮನಸ್ಸಿದೆಯೇ, ಮತ್ತೆ ಜಾರುವ ಸಾಧ್ಯತೆ ಎಷ್ಟು, ಮನೆ ಮತ್ತು ಸುತ್ತಮುತ್ತ ಹೇಗಿದೆ. ಈ ಆರು ಬದಿಯಿಂದ ನೋಡಿ ಚಿಕಿತ್ಸೆಯ ಮಟ್ಟ ನಿರ್ಧರಿಸುವುದು. ಚೌಕಟ್ಟು ಅವರದ್ದಾದರೂ ವಿಷಯ ನಮ್ಮ ಕಡೆಗೂ ಹೊಂದುತ್ತದೆ. ಅದರಲ್ಲೂ ಕೊನೆಯದು.

ಇಬ್ಬರು ಲಾರಿ ಡ್ರೈವರುಗಳು ಅಂದುಕೊಳ್ಳಿ. ಕುಡಿಯುವ ಪ್ರಮಾಣ ಒಂದೇ. ಒಬ್ಬರ ಹೆಂಡತಿ ಅಂಗನವಾಡಿ ಟೀಚರ್, ಮಾತ್ರೆ ಕೊಡುತ್ತಾರೆ, ಮಾವ ಹಾಲಿನ ಡೇರಿಯಲ್ಲಿ ಕೆಲಸ ಕೊಡಿಸಲು ರೆಡಿ ಇದ್ದಾರೆ. ಇವರು ಡಿಟಾಕ್ಸ್ ಮುಗಿಸಿ ಮನೆಗೆ ಹೋಗಿ, ಹದಿನೈದು ದಿನಕ್ಕೊಮ್ಮೆ ಓಪಿಡಿಗೆ ಬಂದರೂ ನಡೆಯುತ್ತದೆ. ಇನ್ನೊಬ್ಬರು ಇರುವ ರೂಮಿನಲ್ಲಿ ನಾಲ್ಕು ಜನ, ನಾಲ್ವರೂ ಕುಡಿಯುವವರು, ಕೆಳಗಿನ ಅಂಗಡಿಯೇ ಬಾರ್. ಇವರನ್ನು ಹತ್ತನೇ ದಿನ ಅದೇ ರೂಮಿಗೆ ಕಳಿಸಿದರೆ ಹನ್ನೊಂದನೇ ದಿನಕ್ಕೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಇವರಿಗೆ ಒಂದು ಮೂರು ತಿಂಗಳು ಒಳಗಿರುವ ಪುನರ್ವಸತಿ ಕೇಂದ್ರ ಬೇಕಾಗಬಹುದು.

“ಕುಡಿತ ಬಿಡೋ ಮಾತ್ರೆ ಯಾವುದು ಒಳ್ಳೇದು?”

ನಾಲ್ಕು ಹೆಸರು ಜಾಸ್ತಿ ಕೇಳಿಬರುತ್ತವೆ. ಒಂದೊಂದೂ ಒಂದೊಂದು ಬಗೆಯವರಿಗೆ.

ಡೈಸಲ್ಫಿರಾಂ ಹಳೆಯದು. ಇದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಒದ್ದಾಡಬೇಕಾಗುತ್ತದೆ. ಆ ಹೆದರಿಕೆಯೇ ಇದರ ಬಲ. “ನನಗೆ ಬಿಡಲೇಬೇಕು, ಕೈಕಟ್ಟಿ ಹಾಕಿ” ಅನ್ನುವವರಿಗೆ, ದಿನವೂ ಎದುರಿಗೆ ನಿಂತು ಮಾತ್ರೆ ನುಂಗಿಸುವವರು ಇರುವ ಮನೆಗೆ ಇದು ಸರಿ. ಲಿವರ್ ಕೆಟ್ಟವರಿಗೆ, ಹೃದಯದ ತೊಂದರೆ ಇರುವವರಿಗೆ ಬೇಡ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಅದರ ಪರಿಣಾಮ ಇರಬಹುದು. ಮದ್ಯದ ಅಂಶವಿರುವ ಕೆಮ್ಮಿನ ಸಿರಪ್ ಕುಡಿದರೂ ಕಷ್ಟ.

ನಾಲ್ಟ್ರೆಕ್ಸೋನ್ ಕುಡಿತದ ಮಜವನ್ನು ಕಡಿಮೆ ಮಾಡುತ್ತದೆ. “ಒಂದು ಪೆಗ್ ಹಾಕಿದ್ರೆ ಆಮೇಲೆ ನಿಲ್ಸೋಕಾಗಲ್ಲ” ಅನ್ನುವವರಿಗೆ ಡಾಕ್ಟರ್ ಇದನ್ನು ಯೋಚಿಸುತ್ತಾರೆ. ಅಫೀಮಿನ ಜಾತಿಯ ನೋವಿನ ಮಾತ್ರೆ ತಗೊಳ್ಳುವವರಿಗೆ ಕೊಡುವ ಹಾಗಿಲ್ಲ. ಅಕಾಂಪ್ರೋಸೇಟ್ ಬಿಟ್ಟವರನ್ನು ಬಿಟ್ಟೇ ಇರಿಸಲು ಸಹಾಯ ಮಾಡುತ್ತದೆ. ಲಿವರಿಗೆ ಹೊರೆಯಾಗುವುದಿಲ್ಲ, ಆದರೆ ಕಿಡ್ನಿ ಸರಿ ಇರಬೇಕು. ದಿನಕ್ಕೆ ಎರಡೆರಡರ ಹಾಗೆ ಮೂರು ಹೊತ್ತು, ಒಟ್ಟು ಆರು ಮಾತ್ರೆ. ಹೊಲಕ್ಕೆ ಹೋದವರು ಮಧ್ಯಾಹ್ನದ್ದು ಮರೆಯುವುದೇ ಹೆಚ್ಚು. ಬ್ಯಾಕ್ಲೋಫೆನ್ ಅನ್ನು ಲಿವರ್ ತುಂಬಾ ಕೆಟ್ಟವರಿಗೆ ಕೊಡುವುದುಂಟು.

ಅಂದರೆ ಲಿವರ್, ಕಿಡ್ನಿ ಪರೀಕ್ಷೆಯ ವರದಿ ನೋಡದೆ “ಒಳ್ಳೆ ಮಾತ್ರೆ” ಅನ್ನುವುದೇ ಇಲ್ಲ.

“ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಬಹುದಾ?”

ದಯವಿಟ್ಟು ಬೇಡ. ಎಷ್ಟು ಹೆಂಗಸರು ಪಿಸುದನಿಯಲ್ಲಿ ಇದನ್ನು ಕೇಳಿದ್ದಾರೋ ಲೆಕ್ಕವಿಲ್ಲ, ಅವರ ಕಷ್ಟ ಗೊತ್ತು. ಆದರೆ ಗೊತ್ತಿಲ್ಲದೆ ಡೈಸಲ್ಫಿರಾಂ ತಿಂದವರು ಎಂದಿನ ಹಾಗೆ ಒಂದು ಕ್ವಾರ್ಟರ್ ಹಾಕಿದರೆ ಬಾರಿನಲ್ಲೇ ಬಿದ್ದು ಪ್ರಾಣ ಹೋಗಬಹುದು. ‘ಕುಡಿತ ಬಿಡಿಸುವ ಪುಡಿ’ ಅಂತ ಪೋಸ್ಟರ್ ಹಚ್ಚಿ ಮಾರುವ ಪೊಟ್ಟಣದಲ್ಲಿ ಏನಿದೆ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ. ಇನ್ನೊಂದು ಮಾತು. ಒಂದು ದಿನ ಅವರಿಗೆ ವಿಷಯ ತಿಳಿಯುತ್ತದೆ. ಆಮೇಲೆ ನಿಮ್ಮ ಕೈಯ ಅನ್ನವನ್ನೇ ನಂಬುವುದಿಲ್ಲ, ಚಿಕಿತ್ಸೆಯ ಮಾತು ದೂರ ಉಳಿಯಿತು.

“ಮಗ ಕುಡಿಯಲ್ಲ. ಗಾಂಜಾ. ಈಗ ಯಾವುದೋ ಮಾತ್ರೆ ಕರಗಿಸಿ ಚುಚ್ಚಿಕೊಳ್ತಾನಂತೆ”

ಇವು ಎರಡು ಬೇರೆ ಬೇರೆ ದಾರಿ. ಗಾಂಜಾ ಬಿಡಿಸಲು ಇಂಥದ್ದೇ ಅನ್ನುವ ಮಾತ್ರೆ ಇಲ್ಲ. ನಿದ್ದೆ, ಸಿಡುಕು, ಹಸಿವಿನ ತೊಂದರೆಗೆ ಕೆಲವು ದಿನ ಔಷಧಿ ಕೊಡಬಹುದು. ಉಳಿದದ್ದೆಲ್ಲ ಮಾತಿನ ಚಿಕಿತ್ಸೆ. ಯಾರೋ ಹಿಂಬಾಲಿಸುತ್ತಾರೆ, ಟಿವಿಯಲ್ಲಿ ತನ್ನ ಬಗ್ಗೆ ಹೇಳುತ್ತಾರೆ ಅಂತ ಶುರುವಾಗಿದ್ದರೆ ಮಾತ್ರ ತಡ ಮಾಡದೆ ಮನೋವೈದ್ಯರಿಗೆ ತೋರಿಸಿ.

ಕರಗಿಸಿ ಚುಚ್ಚಿಕೊಳ್ಳುವ ಮಾತ್ರೆ ಹೆಚ್ಚಾಗಿ ಟಪೆಂಟಡಾಲ್ ತರಹದ ನೋವಿನ ಮಾತ್ರೆ. ಅಫೀಮು, ಹೆರಾಯಿನ್ ಜಾತಿಗೆ ಸೇರಿದ್ದು. ಇಲ್ಲಿ ಕುಡಿತದ ಲೆಕ್ಕ ತಲೆಕೆಳಗು. ಬಿಟ್ಟಾಗ ಮೈಕೈ ನೋವು, ಭೇದಿ, ಕಣ್ಣು ಮೂಗಲ್ಲಿ ನೀರು, ನಿದ್ದೆ ಇಲ್ಲ. ನರಕವೇ ಸರಿ, ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯ ಕಡಿಮೆ. ಅಪಾಯ ಇರುವುದು ಬಿಟ್ಟ ಮೇಲೆ. ಒಂದು ತಿಂಗಳು ಸೆಂಟರಿನಲ್ಲಿದ್ದು ಬಂದ ಹುಡುಗ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಮೈಗೆ ಅದು ತಡೆಯುವುದಿಲ್ಲ, ಉಸಿರು ನಿಂತು ಹೋಗುತ್ತಾನೆ. ಆದ್ದರಿಂದ ಇವರಿಗೆ ಬರೀ ಡಿಟಾಕ್ಸ್ ಮಾಡಿ ಮನೆಗೆ ಕಳಿಸುವುದು ಸರಿಯಾದ ಚಿಕಿತ್ಸೆಯಲ್ಲ. ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕೊಡುತ್ತಾರೆ. ಚುಚ್ಚಿಕೊಳ್ಳುವುದನ್ನು ನಿಲ್ಲಿಸಿ, ಬಿಟ್ಟ ತೊಂದರೆ ಮೈಯಲ್ಲಿ ಕಾಣಿಸಿಕೊಂಡ ಮೇಲೆಯೇ ಈ ಮಾತ್ರೆ ಶುರು ಮಾಡಬೇಕು. ಮೊದಲೇ ಕೊಟ್ಟರೆ ಇದ್ದಕ್ಕಿದ್ದಂತೆ ಒದ್ದಾಟ ಜೋರಾಗುತ್ತದೆ. ಚುಚ್ಚಿಕೊಳ್ಳುವವರಿಗೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯನ್ನೂ ಮಾಡಿಸಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇವರಿಗಾಗಿಯೇ ಈ ಔಷಧಿ ಕೊಡುವ ಕೇಂದ್ರಗಳನ್ನು ನಡೆಸುತ್ತದೆ.

“ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಲ್ವಾ?”

ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ತಗೊಂಡರೆ ಚಟ ಅನ್ನುತ್ತೇವಾ? ಬ್ಯುಪ್ರೆನಾರ್ಫಿನ್ ಮೇಲಿರುವ ಹುಡುಗ ಬೆಳಿಗ್ಗೆ ಮಾತ್ರೆ ಇಟ್ಟುಕೊಂಡು ಗ್ಯಾರೇಜಿಗೆ ಹೋಗುತ್ತಾನೆ, ಸಂಜೆ ಮನೆಗೆ ಬರುತ್ತಾನೆ, ಮನೆಯ ಬೆಳ್ಳಿ ಲೋಟ ಜಾಗದಲ್ಲೇ ಇರುತ್ತದೆ. ನನಗೆ ಅಷ್ಟು ಸಾಕು.

“ಕೌನ್ಸೆಲಿಂಗ್‌ನಲ್ಲೂ ಬೇರೆ ಬೇರೆ ಇದೆಯಂತಲ್ಲ. ನಮ್ಮವರಿಗೆ ಯಾವುದು ಹೊಂದುತ್ತೆ?”

ಈ ಪ್ರಶ್ನೆಯನ್ನು ನಿಜಕ್ಕೂ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಉತ್ತರ ಕೇಳಿ ನಮ್ಮ ಕ್ಷೇತ್ರದವರೇ ಸ್ವಲ್ಪ ಪೆಚ್ಚಾದರು.

ಅಮೆರಿಕದಲ್ಲಿ 1989ರಲ್ಲಿ ‘ಪ್ರಾಜೆಕ್ಟ್ ಮ್ಯಾಚ್’ ಶುರುವಾಯಿತು. ಕುಡಿತದ ತೊಂದರೆ ಇದ್ದ 1,726 ಜನ. ಮೂರು ಬಗೆಯ ಮಾತಿನ ಚಿಕಿತ್ಸೆ. ಒಂದು, ಯಾವಾಗ ಕುಡಿಯಬೇಕು ಅನ್ನಿಸುತ್ತದೆ, ಆಗ ಏನು ಮಾಡಬೇಕು ಅಂತ ಕಲಿಸುವುದು, ಸಿಬಿಟಿ ಅನ್ನುತ್ತಾರೆ. ಇನ್ನೊಂದು, ವಾದ ಮಾಡದೆ ಅವರ ಬಾಯಿಂದಲೇ ಬಿಡುವ ಕಾರಣ ಹೊರಡಿಸುವುದು. ಇದಕ್ಕೆ ನಾಲ್ಕೇ ಭೇಟಿ, ಮಿಕ್ಕ ಎರಡಕ್ಕೆ ಹನ್ನೆರಡು. ಮೂರನೆಯದು, ಎಎ ಅನ್ನುವ, ಕುಡಿತ ಬಿಡುವವರ ಸಂಘದ ಹನ್ನೆರಡು ಹೆಜ್ಜೆಗಳ ದಾರಿಗೆ ಕರೆದೊಯ್ಯುವುದು. ಯಾವ ಗುಣದವರಿಗೆ ಯಾವುದು ಹೊಂದುತ್ತದೆ ಅಂತ ಮೊದಲೇ ಊಹೆ ಬರೆದಿಟ್ಟುಕೊಂಡು, ಚೀಟಿ ಎತ್ತಿದ ಹಾಗೆ ಜನರನ್ನು ಹಂಚಿದರು.

1997ರಲ್ಲಿ ಫಲಿತಾಂಶ ಬಂತು. ಮೂರೂ ಗುಂಪಿನವರು ಚೆನ್ನಾಗಿ ಸುಧಾರಿಸಿದ್ದರು. ಆದರೆ ಜೋಡಿ ಹೊಂದಿಸುವ ಊಹೆಗಳಲ್ಲಿ ಹೆಚ್ಚಿನವು ಸುಳ್ಳಾದವು. ನಿಂತದ್ದು ಕೆಲವು ಮಾತ್ರ. ಸಿಟ್ಟು ಜಾಸ್ತಿ ಇರುವವರಿಗೆ ವಾದವಿಲ್ಲದ ನಾಲ್ಕು ಭೇಟಿಯ ಚಿಕಿತ್ಸೆ ಹೆಚ್ಚು ಹೊಂದಿತು. ಸುತ್ತಲೂ ಕುಡಿಯುವ ಗೆಳೆಯರೇ ತುಂಬಿದವರಿಗೆ ಮೂರು ವರ್ಷದ ಮೇಲೆ ನೋಡಿದಾಗ ಎಎ ದಾರಿ ಹೆಚ್ಚು ಹಿಡಿದಿತ್ತು. ಮನಸ್ಸಿನ ಬೇರೆ ಕಾಯಿಲೆ ಅಷ್ಟಾಗಿ ಇಲ್ಲದವರಿಗೂ ಸಿಬಿಟಿಗಿಂತ ಎಎ ದಾರಿ ಸ್ವಲ್ಪ ಮೇಲಾಯಿತು. ಬ್ರಿಟನ್‌ನಲ್ಲಿ 742 ಜನರ ಮೇಲೆ ಇಂಥದ್ದೇ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. 2008ರಲ್ಲಿ ಬಂದ ಅದರ ಮುಂದಿನ ವರದಿಯಲ್ಲೂ ಜೋಡಿ ಹೊಂದಿಕೆಯಿಂದ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ನಾನು ತಗೊಂಡಿದ್ದು ಇಷ್ಟು. ಎಷ್ಟು ಮಟ್ಟದ ಚಿಕಿತ್ಸೆ ಬೇಕು ಅನ್ನುವುದರಲ್ಲಿ ತಪ್ಪಿದರೆ ಜೀವಕ್ಕೆ ಕುತ್ತು. ಯಾವ ಹೆಸರಿನ ಕೌನ್ಸೆಲಿಂಗ್ ಅನ್ನುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎದುರಿಗೆ ಕೂತವರ ಹತ್ತಿರ ನಿಮ್ಮವರು ಮತ್ತೆ ಹೋಗುತ್ತಾರಾ ನೋಡಿ. ಆದರೂ ಸಿಡುಕಿನ ಮನುಷ್ಯ ಬಂದರೆ ನಾನು ಬುದ್ಧಿ ಹೇಳುವುದಿಲ್ಲ. “ಹೆಂಡ್ತಿ ಕಾಟಕ್ಕೆ ಬಂದಿದೀನಿ, ನಂಗೇನೂ ಆಗಿಲ್ಲ” ಅಂತ ಒಬ್ಬರು ಕೈಕಟ್ಟಿ ಕೂತರು. “ಸರಿ, ಏನೂ ಆಗಿಲ್ಲ. ಕುಡಿತದಲ್ಲಿ ನಿಮಗೆ ಇಷ್ಟ ಆಗೋದು ಏನು ಹೇಳಿ” ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. ಹತ್ತು ನಿಮಿಷ ಅದನ್ನೇ ಹೇಳಿದರು. ಹನ್ನೊಂದನೇ ನಿಮಿಷಕ್ಕೆ ತಾವಾಗಿಯೇ “ಆದ್ರೆ ಬೆಳಿಗ್ಗೆ ಮಗಳು ಮಾತಾಡ್ಸಲ್ಲ” ಅಂದರು. ಅಲ್ಲಿಂದ ಶುರು.

“ಮದ್ಯವರ್ಜನ ಶಿಬಿರಕ್ಕೆ ಕಳಿಸಬಹುದಾ? ಎಎ ಅಂದ್ರೆ ಏನು?”

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಶಿಬಿರಗಳು ನಿಮಗೆ ಗೊತ್ತೇ ಇರುತ್ತವೆ. ಊರಿನವರೇ ಸಮಿತಿ ಮಾಡಿ ನಿಲ್ಲುತ್ತಾರೆ, ಕೊನೆಗೆ ಮನೆಯವರೂ ಬರುತ್ತಾರೆ, ಆಮೇಲೆ ನವಜೀವನ ಸಮಿತಿಯಲ್ಲಿ ಬಿಟ್ಟವರೆಲ್ಲ ಸೇರುತ್ತಾರೆ. ದೇವರ ಮೇಲೆ ನಂಬಿಕೆ, ಊರಿನ ಮಾತಿಗೆ ಬೆಲೆ ಕೊಡುವ ಸ್ವಭಾವ ಇರುವವರಿಗೆ ಇದು ತುಂಬಾ ಹಿಡಿಸುತ್ತದೆ. ಆಸ್ಪತ್ರೆ ಮೆಟ್ಟಿಲು ಹತ್ತಲು ನಾಚುವವರು ಶಿಬಿರಕ್ಕೆ ಹೋಗುತ್ತಾರೆ. ನನ್ನದು ಒಂದೇ ಮಾತು: ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆಯಿಂದಲೇ ಕುಡಿಯುವವರು ಶಿಬಿರಕ್ಕೆ ಮೊದಲು ಡಾಕ್ಟರಿಗೆ ತೋರಿಸಿ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಶಿಬಿರದಲ್ಲೂ ನಿಲ್ಲಿಸಬೇಡಿ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಒಹಾಯೋದಲ್ಲಿ ಶುರುವಾದ ಸಂಘ. ನಮ್ಮ ದೇಶಕ್ಕೆ 1957ರಲ್ಲಿ ಬಂತು. ಫೀಸಿಲ್ಲ, ರಿಜಿಸ್ಟರಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿಯುವವರು ಮನೆಯಲ್ಲಿರುವ ಕುಟುಂಬಗಳಿಗೆ ಅಲ್-ಅನಾನ್ ಅಂತ ಬೇರೆ ಇದೆ. ಅವರು ಬರದಿದ್ದರೂ ನೀವು ಹೋಗಬಹುದು.

“ಡಿಪ್ರೆಷನ್ನೂ ಇದೆ. ಮೊದಲು ಯಾವುದಕ್ಕೆ ತೋರಿಸೋದು?”

ಎರಡಕ್ಕೂ ಒಟ್ಟಿಗೆ, ಒಂದೇ ಕಡೆ. “ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮನಸ್ಸಿನದ್ದು ನೋಡೋಣ” ಅಂತ ಕಳಿಸಿದರೆ ಆ ಮನುಷ್ಯ ಎರಡೂ ಕಡೆಯಿಂದ ಹೊರಗುಳಿಯುತ್ತಾನೆ. ಇಂಥವರಿಗೆ ಡಾಕ್ಟರ್ ಇಲ್ಲದ ಸೆಂಟರ್ ಬೇಡವೇ ಬೇಡ.

“ಕುಡಿಯೋದು ಅಮ್ಮ. ಹೊರಗೆ ಹೇಳೋ ಹಾಗಿಲ್ಲ”

ಏಮ್ಸ್ ನಡೆಸಿದ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ 27.3%, ಹೆಂಗಸರಲ್ಲಿ 1.6% ಮದ್ಯ ಸೇವಿಸುತ್ತಾರೆ. ಕಡಿಮೆ ಅಂತ ಕಂಡರೂ ದೇಶದ ಲೆಕ್ಕದಲ್ಲಿ ದೊಡ್ಡ ಸಂಖ್ಯೆ. ಹೆಂಗಸರ ಲಿವರ್ ಕಡಿಮೆ ಪ್ರಮಾಣಕ್ಕೇ, ಬೇಗನೇ ಕೆಡುತ್ತದೆ. ಗಂಡಸರೇ ತುಂಬಿದ ಸೆಂಟರಿಗೆ ಸೇರಿಸಬೇಡಿ. ಜನರಲ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ “ಹೊಟ್ಟೆ ನೋವು” ಅನ್ನುವ ಹೆಸರಲ್ಲಿ ಮಲಗಿ ಡಿಟಾಕ್ಸ್ ಮುಗಿಸಿದವರು ಎಷ್ಟೋ ಜನ. ನೋಡಲು ಬಂದ ನೆಂಟರಿಗೆ ಅಷ್ಟು ಗೊತ್ತಾದರೆ ಸಾಕು.

“ಅವನು ಒಪ್ಪಲ್ಲ. ಮನೆಗೇ ಬಂದು ಎತ್ತಾಕೊಂಡು ಹೋಗೋ ಸೆಂಟರ್ ಇದೆಯಂತೆ”

ಇದೆ. ಅಂಥ ಒಂದು ಕಡೆಯಿಂದ ಬಂದ ಹುಡುಗನನ್ನು ನೋಡಿದ್ದೇನೆ. ತಲೆ ಬೋಳಿಸಿದ್ದರು. ಕಾಲಿನ ಗಂಟಿನ ಸುತ್ತ ಕಪ್ಪು ಗುರುತು. ಡಾಕ್ಟರ್ ಯಾರಿದ್ದರು ಅಂದರೆ “ವಾರ್ಡನ್ ಇದ್ರು” ಅಂದ. ಮನೆಗೆ ಬಂದ ದಿನವೇ ಕುಡಿದ. ಅಪ್ಪನ ಜೊತೆ ಈಗಲೂ ಮಾತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಅದರ ಪ್ರಕಾರ ರೋಗಿಗೆ ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ದುಡಿಸಿಕೊಳ್ಳುವಂತಿಲ್ಲ. ಸೆಂಟರ್ ನೋಂದಣಿ ಆಗಿರಬೇಕು. ಒಪ್ಪದವರನ್ನು ಸೇರಿಸುವ ದಾರಿಯೇ ಇಲ್ಲ ಅಂತಲ್ಲ. ತನಗೆ ಅಥವಾ ಬೇರೆಯವರಿಗೆ ಅಪಾಯ ಮಾಡಿಕೊಳ್ಳುವ ಸ್ಥಿತಿ ಇದ್ದರೆ, ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕೆಟ್ಟಿದ್ದರೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ, ಮನೆಯವರ ಅರ್ಜಿಯ ಮೇಲೆ 30 ದಿನದವರೆಗೆ ಸೇರಿಸಬಹುದು. ಇಬ್ಬರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಬರೀ “ಕುಡಿದು ಮನೆ ಹಾಳು ಮಾಡ್ತಾನೆ” ಅನ್ನುವುದು ಇದಕ್ಕೆ ಸಾಲದು.

ಸೆಂಟರ್ ನೋಡಲು ಹೋದಾಗ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಯಾವ ದಿನ ಬರುತ್ತಾರೆ ಕೇಳಿ. ಅಡುಗೆಮನೆ, ಶೌಚಾಲಯ ನೋಡಬೇಕು ಅನ್ನಿ. ಮಗನ ಹತ್ತಿರ ಫೋನಿನಲ್ಲಿ ಮಾತಾಡಲು ಬಿಡುತ್ತೀರಾ ಕೇಳಿ. “ಮೂರು ತಿಂಗಳು ಮನೆಯವರು ಬರಲೇಬಾರದು” ಅಂದರೆ ಅಲ್ಲಿಂದ ಬಸ್ ಹತ್ತಿ.

“ಎರಡು ಸಲ ಸೇರಿಸಿದ್ವಿ. ಎರಡು ಸಲಾನೂ ಮತ್ತೆ ಶುರು ಮಾಡಿದ”

ಹಾಗಾದರೆ ಮೂರನೇ ಸಲ ಅದನ್ನೇ ಮಾಡಬೇಡಿ. ಮೊದಲೆರಡು ಸಲ ಎಷ್ಟನೇ ದಿನ ಜಾರಿದರು, ಎಲ್ಲಿ, ಯಾರ ಜೊತೆ ಅಂತ ಕೇಳಿ. ನಾಲ್ಕನೇ ದಿನವೇ ಜಾರಿದ್ದರೆ ಕೈ ನಡುಕ ತಡೆಯದೆ ಕುಡಿದಿರಬಹುದು. ಡಿಟಾಕ್ಸ್ ಸರಿಯಾಗಿ ಆಗಿಲ್ಲ. ಆರು ತಿಂಗಳು ಚೆನ್ನಾಗಿದ್ದು ಹೊಸತೊಡಕಿನ ಬಾಡೂಟದಲ್ಲಿ ಜಾರಿದ್ದರೆ ಚಿಕಿತ್ಸೆ ಆರು ತಿಂಗಳು ಕೆಲಸ ಮಾಡಿದೆ ಅಂತ ಅರ್ಥ. ಅವರಿಗೆ ಮತ್ತೆ ಮೂರು ತಿಂಗಳ ಸೆಂಟರ್ ಬೇಡ, ಮಾತ್ರೆ ಯಾವಾಗ ನಿಂತಿತು ಅಂತ ನೋಡಬೇಕು. ಹೆಚ್ಚಿನ ಸಲ “ಚೆನ್ನಾಗಿದೀನಲ್ಲ” ಅಂತ ತಾವೇ ನಿಲ್ಲಿಸಿರುತ್ತಾರೆ.

“ನಮ್ಮ ಹತ್ರ ದುಡ್ಡಿಲ್ಲ. ಎಲ್ಲಿಗೆ ಹೋಗೋದು?”

ಮೇಲೆ ಹೇಳಿದ ಏಮ್ಸ್ ಸಮೀಕ್ಷೆಯ ಪ್ರಕಾರ ಮದ್ಯವ್ಯಸನ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ದುಡ್ಡಷ್ಟೇ ಅಲ್ಲ, ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲದಿರುವುದೂ ಇದಕ್ಕೆ ಕಾರಣ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ತೀರಾ ಬಿಗಡಾಯಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲಿ ಕೇಳಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೀಡಿ, ಗುಟ್ಕಾ ಬಿಡುವವರಿಗೆ 1800-11-2356.

“ಆಸ್ಪತ್ರೆಗೆ ಬಂದ್ರೆ ಪೊಲೀಸ್ ಕೇಸ್ ಆಗುತ್ತಾ?”

ಚಿಕಿತ್ಸೆಗೆ ಬಂದವರ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸು ಮೊದಲೇ ಇದ್ದರೂ, ವ್ಯಸನಿಯೊಬ್ಬರು ತಾವಾಗಿಯೇ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ವಿನಾಯಿತಿ ಕೊಡುವ ಅವಕಾಶ 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲಿದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ವಿನಾಯಿತಿ ವಾಪಸ್ ಹೋಗಬಹುದು. ಮಾರಾಟದ ಕೇಸಿಗೆ ಇದು ನಡೆಯುವುದಿಲ್ಲ. ವಕೀಲರನ್ನು ಕೇಳಿ.

“ನಾಳೆ ಕರ್ಕೊಂಡ್ ಬರ್ತೀವಿ. ಏನೇನು ತರಬೇಕು?”

ಹಳೆಯ ಚೀಟಿಗಳು, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಲಿವರ್ ಪರೀಕ್ಷೆ ಮಾಡಿಸಿದ್ದರೆ ವರದಿ. ಬಿಪಿಎಲ್ ಕಾರ್ಡ್, ಆಧಾರ್. ಜೊತೆಗೆ ಬರುವವರು ಒಬ್ಬರೋ ಇಬ್ಬರೋ ಸಾಕು. ಚಿಕಿತ್ಸೆಗೆ ಬರುವವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥವರು ಜೊತೆಗೆ ಬರಲಿ, ಅದು ಅಕ್ಕನ ಗಂಡ ಆದರೂ ಸರಿ, ಹಳೇ ಮೇಷ್ಟ್ರಾದರೂ ಸರಿ. ಇಡೀ ಕುಟುಂಬ ಬಂದು ಕಾರಿಡಾರಿನಲ್ಲೇ ಪಂಚಾಯ್ತಿ ಶುರು ಮಾಡಿದರೆ ಅವರು ಹಿಂದಿನ ಗೇಟಿನಿಂದ ಹೋಗಿಬಿಡುತ್ತಾರೆ.

“ಆಸ್ಪತ್ರೆಗೆ ಹೋಗ್ಬೇಕು, ಇವತ್ತು ರಾತ್ರಿ ಮುಟ್ಟಬೇಡ” ಅಂತ ಹಿಂದಿನ ದಿನವೇ ನಿಲ್ಲಿಸಬೇಡಿ. ದಿನವೂ ಜಾಸ್ತಿ ಕುಡಿಯುವವರು ಹಾಗೆ ಮಾಡಿದರೆ ದಾರಿಯಲ್ಲಿ ಬಸ್ಸಿನಲ್ಲೇ ಫಿಟ್ಸ್ ಬರಬಹುದು. ವಾಸನೆ ಬಂದರೂ ಪರವಾಗಿಲ್ಲ, ನಮಗೆ ಅಭ್ಯಾಸವಿದೆ. ಕೊನೆಯ ಪೆಗ್ ಎಷ್ಟು ಗಂಟೆಗೆ ಅಂತ ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.